ಬೋರ್ಡಿನ ಮೇಲಿನ ಹೆಸರು

ಫೆಬ್ರವರಿ 22, ಆದಿತ್ಯವಾರ

ಈ ಪುಸ್ತಕ ಇಹ್ಸಾನ್ ಕೊಟ್ಟದ್ದು. ಅವನಿಗೆ ಪುಂಜಾಲಕಟ್ಟೆಯಲ್ಲಿ ಮೊಬೈಲು, ಕ್ಯಾಮರಾ ರಿಪೇರಿಯ ಅಂಗಡಿ ಇದೆ. "ಕ್ಯಾಮರಾ ಯಾವ ದಿನ, ಎಷ್ಟು ಗಂಟೆಗೆ ನಿಂತಿತು ಅಂತ ಬರೆದಿಡಿ ಅಕ್ಕ. ಮೊನ್ನೆ ಒಂದು ಸಲ, ಆಚೆ ಮೊನ್ನೆ ಒಂದು ಸಲ ಅಂತ ಹೇಳಿದ್ರೆ ನನಗೆ ಎಂತ ಗೊತ್ತಾಗ್ತದೆ?" ಎಂದ. ಏಳನೇ ಕ್ಲಾಸು ಬಿಟ್ಟ ಮೇಲೆ ನಾನು ಪುಸ್ತಕದಲ್ಲಿ ಬರೆದದ್ದೆಂದರೆ ಭಜನೆಯ ಹಾಡು ಮಾತ್ರ. ಬರೆಯುವುದಾದರೆ ಶುರುವಿನಿಂದ ಬರೆಯುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ.

ನಮ್ಮ ಮನೆಯ ಕೆಳಗೆ ಹೊಳೆಗೆ ಕಿಂಡಿ ಅಣೆಕಟ್ಟು ಇದೆ. ಆರು ಕಿಂಡಿ, ಕಿಂಡಿಗೆ ಎಂಟೆಂಟು ಹಲಗೆ. ಡಿಸೆಂಬರಿನಲ್ಲಿ ಹಲಗೆ ಇಳಿಸಿದರೆ ಹಿಂದೆ ನೀರು ನಿಲ್ಲುತ್ತದೆ. ಮೇಲಿನ ಹದಿಮೂರು ಮನೆಯ ಬಾವಿಗಳಿಗೆ ಮೇ ತಿಂಗಳವರೆಗೆ ಅದೇ ಜೀವ. ಮಳೆಯ ನೀರು ಇಳಿದು ಬರುವ ಮೊದಲು ಹಲಗೆ ತೆಗೆಯಬೇಕು. ಇಲ್ಲದಿದ್ದರೆ ಹೊಳೆ ಬದಿಯ ಮಣ್ಣು ಕೊರೆದುಕೊಂಡು ಕೆಳಗಿನವರ ಜಾಗಕ್ಕೆ ನುಗ್ಗುತ್ತದೆ. ಹಲಗೆ ನೋಡಿಕೊಳ್ಳುವ ಕೆಲಸ ಮಾವನ ಕಾಲದಿಂದ ನಮ್ಮ ಮನೆಯದ್ದು. ಈಗ ಇವರದ್ದು.

ಕಳೆದ ವರ್ಷ ಮೇ ತಿಂಗಳಲ್ಲಿ ಇವರು ಬಂಟ್ವಾಳ ತಾಲೂಕು ಆಫೀಸಿಗೆ ಹೋದ ದಿನವೇ ಘಟ್ಟದಲ್ಲಿ ಮಳೆ ಹೊಡೆಯಿತು. ನಮ್ಮಲ್ಲಿ ಒಂದು ಹನಿ ಇಲ್ಲ, ಹೊಳೆ ಮಾತ್ರ ಕೆಂಪಗೆ ಬಂತು. ನಾನು ದಡದಲ್ಲಿ ನಿಂತು ದೇವರನ್ನು ಕರೆದೆ, ಅಷ್ಟೇ. ಇವರು ಓಡಿ ಬಂದು ನೀರಿಗಿಳಿದಾಗ ಹಲಗೆ ಸೊಂಟಕ್ಕೆ ಬಡಿಯಿತು. ಅಂದಿನಿಂದ ಬಗ್ಗಲು ಆಗುವುದಿಲ್ಲ. ಕೆಳಗಿನ ಮೊಯಿದಿನಬ್ಬರ ಬಾಳೆ ತೋಟ ಅರ್ಧ ಹೋಯಿತು, ಪಂಪೂ ಹೋಯಿತು. ಅವರು ಬೈಯಲಿಲ್ಲ. "ರುಕ್ಮಯ್ಯ, ಇನ್ನು ಬಿಸುವಿಗೇ ಹಲಗೆ ತೆಗೆದುಬಿಡಿ" ಎಂದರು. ಬಿಸು ಎಂದರೆ ಏಪ್ರಿಲ್ ನಡು. ಆಗ ತೆಗೆದರೆ ಹದಿನೈದು ದಿನದಲ್ಲಿ ನಮ್ಮ ಬಾವಿಗಳ ತಳ ಕಾಣುತ್ತದೆ.

ಕಡೆಗೆ ಅಣೆಕಟ್ಟಿನ ಸಮಿತಿಯಲ್ಲಿ ಒಂದು ಮಾತಾಯಿತು. ಮೊಯಿದಿನಬ್ಬರ ಮಗ ಸುಲೈಮಾನ್ ದುಬೈಯ ಅಂಗಡಿ ಬಿಟ್ಟು ಬರುವಾಗ ಒಂದು ಹಳೆಯ ಕ್ಯಾಮರಾ ತಂದಿದ್ದ. ಅದನ್ನು ನಮ್ಮ ಪಂಪಿನ ಶೆಡ್ಡಿನ ಗೋಡೆಗೆ ಹಾಕಿ ನಮ್ಮ ಮನೆಯ ಇಂಟರ್‌ನೆಟ್ಟಿಗೆ ಸೇರಿಸುವುದು. ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಫೋನಿನಲ್ಲಿ ಹೊಳೆಯನ್ನೂ ಕಂಬದ ಮೇಲಿನ ಅಡಿಯ ಗೆರೆಯನ್ನೂ ನೋಡಬಹುದು. ಹಾಗೆ ಕಾಣುತ್ತಾ ಇದ್ದರೆ ಮಳೆಯ ನೀರು ಬರುವ ತನಕ ಹಲಗೆ ಇರಲಿ. ಬಿಸುವಿನ ನಂತರ ಕರೆಂಟು ಇದ್ದೂ ಎರಡು ಸಲ ಕಾಣದೆ ಹೋದರೆ ಹಲಗೆ ಹೊರಗೆ. ಅಧ್ಯಕ್ಷ ಶೇಷಪ್ಪಣ್ಣ ಎದ್ದು ಓದಿದರು, ಎಲ್ಲರೂ ಒಪ್ಪಿದರು. ನಾನು ಬಾಗಿಲ ಹತ್ತಿರ ಕೂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವರಿಗೆ ಫೋನಿನ ಕೆಲಸ ಬರುವುದಿಲ್ಲ. ಹಾಗಾಗಿ ನೋಡುವುದು ನಾನು, ಹೇಳುವುದು ಇವರು.

ಫೋನಿನಲ್ಲಿ ಒಂದು ಉದ್ದ ನಂಬರು ಹಾಕಿದರೆ ಹೊಳೆ ಕಾಣುತ್ತದೆ. ಶೇಷಪ್ಪಣ್ಣ ಪೈಂಟರನ್ನು ಕರೆಸಿ ಆ ನಂಬರನ್ನು ಅಣೆಕಟ್ಟಿನ ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿದರು. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಕ್ಯಾಮರಾ ನಿಂತಿತು. ಬರೆದಿದ್ದೇನೆ.

ಮಾರ್ಚ್ 4

ನಂಬರು ಬದಲಾಗಿದೆಯಂತೆ. ಕರೆಂಟು ಹೋಗಿ ಬಂದರೆ ಇಂಟರ್‌ನೆಟ್ಟಿನ ಕಂಪನಿಯವರು ಬೇರೆ ನಂಬರು ಕೊಡುತ್ತಾರಂತೆ. ಬೋರ್ಡಿಗೆ ಬಿಳಿ ಬಳಿದು ಹೊಸ ನಂಬರು ಬರೆಸಿದರು.

ಮಾರ್ಚ್ 10

ಮತ್ತೆ ಬದಲು. ಮಧ್ಯಾಹ್ನ ಒಂದೂಕಾಲಿಗೆ ನಿಂತದ್ದು.

ಪೈಂಟರ್ ಬಂದು ಬೋರ್ಡಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ. "ಅಕ್ಕ, ನಂಬರಿನ ಜಾಗ ಖಾಲಿ ಬಿಡ್ತೇನೆ. ಅಡಿಕೆ ರೇಟು ಬರೆಯುವ ಹಾಗೆ ದಿನಾ ಚಾಕಿನಲ್ಲಿ ಬರೆದುಕೊಳ್ಳಿ" ಎಂದ. ಶೇಷಪ್ಪಣ್ಣನಿಗೆ ಸಿಟ್ಟು ಬಂತು. ಇವರು ಜಗಲಿಯಿಂದಲೇ, "ಹೊಳೆಗಿಂತ ಬೋರ್ಡೇ ಜಾಸ್ತಿ ಬಣ್ಣ ಬದಲಿಸ್ತದೆ ಮಾರಾಯ್ರೆ" ಎಂದರು.

ನನಗೆ ನಗು ಬರಲಿಲ್ಲ. ಬಿಸುವಿಗೆ ಒಂದು ತಿಂಗಳಿದೆ. ಸಂಜೆ ದೈವದ ಕೋಣೆಯಲ್ಲಿ ಕೂತು ಹೇಳಿಕೊಂಡೆ: ಈ ನಂಬರನ್ನು ಒಂದು ಕಡೆ ನಿಲ್ಲಿಸಿಕೊಡು, ಒಂದು ತಂಬಿಲ ಕೊಡುತ್ತೇನೆ. ಕಾಯಿ, ಬೆಲ್ಲ, ಅವಲಕ್ಕಿ ಇಟ್ಟು ಕೊಡುವ ತಂಬಿಲ. ನಾಳೆ ಪುಂಜಾಲಕಟ್ಟೆಗೆ ಹೋಗಿ ಇಹ್ಸಾನನನ್ನು ಕಾಣಬೇಕು. ಇವರು ಹೋಗು ಎಂದರೆ.

ಮಾರ್ಚ್ 15, ಸಂಕ್ರಮಣ

ಇವತ್ತು ಇಹ್ಸಾನ್ ಬಂದಿದ್ದ. ಬೆವರು ಸುರಿಸಿಕೊಂಡು ಹತ್ತಿ ಬಂದದ್ದು ನೋಡಿ ಬೆಲ್ಲ, ನೀರು ತಂದಿಟ್ಟೆ. "ಅಕ್ಕ, ಉಪವಾಸ" ಎಂದು ನಕ್ಕ. ನನಗೆ ನಾಚಿಕೆಯಾಯಿತು. ರಂಜಾನ್ ಎಂದು ನೆನಪೇ ಇರಲಿಲ್ಲ. ಹಾಲಿನ ಸೊಸೈಟಿಯ ಸೆಕ್ರೆಟರಿ ಚಿತ್ರಾ ಕೂಡ ಲ್ಯಾಪ್‌ಟಾಪು ಹಿಡಿದುಕೊಂಡು ಬಂದಿದ್ದಳು.

ನಾನು ನಂಬರು ಗಟ್ಟಿ ಮಾಡಲಿಕ್ಕೆ ಆಗುವುದಿಲ್ಲವಾ ಎಂದು ಕೇಳಿದೆ.

"ನಂಬರು ನಮ್ಮದಲ್ಲ ಅಕ್ಕ, ಕಂಪನಿಯದ್ದು. ಅದು ಹೋಗ್ಲಿ, ಬರ್ಲಿ. ನಾವು ಹೆಸರು ಮಾಡುವ."

ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಒಂದು ಕಂಪನಿ ಫ್ರೀಯಾಗಿ ಒಂದು ಹೆಸರು ಕೊಡುತ್ತದೆ. ನಂಬರು ಬದಲಾದ ಕೂಡಲೇ ನಮ್ಮ ಮನೆಯ ಇಂಟರ್‌ನೆಟ್ ಪೆಟ್ಟಿಗೆ ಆ ಕಂಪನಿಗೆ "ಈಗ ನನ್ನ ನಂಬರು ಇಂಥದ್ದು" ಎಂದು ತಿಳಿಸುತ್ತದೆ. ಆದರೆ ಆ ಹೆಸರು ಮೂರು ಮೈಲು ಉದ್ದ, ಯಾರ ಬಾಯಿಗೂ ಬಾರದ್ದು. ಅದಕ್ಕೇ ಚಿತ್ರಾ. ಸೊಸೈಟಿಗೆ ಇಂಟರ್‌ನೆಟ್ಟಿನಲ್ಲಿ ಸ್ವಂತ ಹೆಸರು ಇದೆ, ಅದರ ಪಾಸ್‌ವರ್ಡು ಇರುವುದು ಅವಳ ಹತ್ತಿರ. ಆ ಹೆಸರಿನ ಮುಂದೆ 'ಹಲಗೆ' ಎಂದು ಸೇರಿಸಿದಳು. ಹಲಗೆ, ಒಂದು ಚುಕ್ಕಿ, ಆ ಮೇಲೆ ಸೊಸೈಟಿಯ ಹೆಸರು. ಇನ್ನು ಬೋರ್ಡಿಗೆ ಬರೆಸುವುದು ಇದನ್ನೇ. ಯಾರಾದರೂ ಅದನ್ನು ಒತ್ತಿದರೆ, ಅದು ತನಗೇನೂ ಗೊತ್ತಿಲ್ಲದ ಹಾಗೆ ಫ್ರೀ ಹೆಸರನ್ನು ತೋರಿಸಿ ಅಲ್ಲಿ ಕೇಳಿ ಎನ್ನುತ್ತದೆ.

"ಇದಕ್ಕೆ ಅಲಿಯಾಸ್ ಅಂತ ಹೇಳುವುದು" ಎಂದ ಇಹ್ಸಾನ್.

"ಪೇಪರಿನಲ್ಲಿ ಕಳ್ಳರಿಗೆ ಹಾಕ್ತಾರಲ್ಲ, ಅದಾ?"

ಚಿತ್ರಾ ಬಿದ್ದು ಬಿದ್ದು ನಕ್ಕಳು. "ಅದೇ ಅಕ್ಕ. ಕಳ್ಳನೂ ಮನೆ ಬದಲಿಸ್ತಾ ಇರ್ತಾನಲ್ಲ!"

"ಫ್ರೀ ಹೆಸರನ್ನೇ ಬೋರ್ಡಿಗೆ ಬರೆದ್ರೆ ಎಂತ?"

"ಅದು ಅವರದ್ದು. ನಾಳೆ ಅವರು ಕೊಡುವುದಿಲ್ಲ ಅಂದ್ರೆ? ಆಗ ಬೇರೆ ಫ್ರೀ ಹೆಸರು ಮಾಡಿ, ಚಿತ್ರಕ್ಕ ಇಲ್ಲಿ ಒಂದು ಗೆರೆ ತಿದ್ದಿದ್ರೆ ಆಯ್ತು. ಬೋರ್ಡು ಮುಟ್ಟುವುದು ಬೇಡ."

ಆಗ ನನಗೆ ತಲೆಗೆ ಹೋಯಿತು. ನನ್ನ ತಮ್ಮ ರಬ್ಬರ್ ಟ್ಯಾಪಿಂಗ್ ಮಾಡಿಕೊಂಡು ಊರೂರು ತಿರುಗುವವನು. ಅವನನ್ನು ಕೇಳಿಕೊಂಡು ಬರುವವರು ನಮ್ಮ ಮನೆಗೆ ಬರುತ್ತಾರೆ. ಅವನು ಎಲ್ಲಿದ್ದಾನೆಂದು ನನಗೆ ಗೊತ್ತಿರುವುದಿಲ್ಲ. "ಕಲ್ಲಡ್ಕದಲ್ಲಿ ಅವನ ಅತ್ತೆ ಇದ್ದಾರೆ, ಅವರನ್ನು ಕೇಳಿ" ಎಂದು ಕಳಿಸುತ್ತೇನೆ. ರೂಮು ಬದಲಿಸಿದರೆ ಅವನು ಮೊದಲು ಫೋನು ಮಾಡುವುದು ಅತ್ತೆಗೆ. ಹೀಗೆಂದು ಇಹ್ಸಾನನಿಗೆ ಹೇಳಿದೆ. ಅವನು, "ಬೋರ್ಡಿನ ಹೆಸರು ನೀವು, ಫ್ರೀ ಹೆಸರು ಕಲ್ಲಡ್ಕದ ಅತ್ತೆ. ಮುಗೀತು" ಎಂದ.

ಹೋಗುವಾಗ ಒಂದು ವಿಷಯ ಹೇಳಿದ. "ಮೂವತ್ತು ದಿನಕ್ಕೊಮ್ಮೆ, ದಿನ ಮುಗಿಯುವ ಮೊದಲೇ, ಆ ಕಂಪನಿಯವರು 'ಹೆಸರು ಬೇಕಾ?' ಅಂತ ನಿಮ್ಮ ಫೋನಿಗೆ ಮೈಲ್ ಹಾಕ್ತಾರೆ. ಬೇಕು ಅಂತ ಬಟನ್ ಒತ್ತಬೇಕು, ಮೈಲ್ ಬರುವ ಮೊದಲು ಒತ್ತಿದ್ರೂ ಆಗ್ತದೆ. ಮೂವತ್ತು ದಿನದೊಳಗೆ ಒತ್ತದಿದ್ರೆ ಹೆಸರು ತೆಗೆದುಬಿಡ್ತಾರೆ. ಮರೆಯಬೇಡಿ ಅಕ್ಕ."

ನಾನು ಹೇಳಿದೆ: "ಇವತ್ತು ಸಂಕ್ರಮಣ. ತಿಂಗಳು ತಿಂಗಳು ಸಂಕ್ರಮಣಕ್ಕೆ ದೈವಕ್ಕೆ ನೀರು, ಹೂ ಇಡುವುದನ್ನು ನಾನು ಮದುವೆಯಾಗಿ ಬಂದ ಮೇಲೆ ತಪ್ಪಿಸಿದ್ದಿಲ್ಲ. ಅದರ ಜೊತೆಗೇ ಒತ್ತುತ್ತೇನೆ."

"ಅಷ್ಟು ಗ್ಯಾರಂಟಿ ಯಾವ ಅಲಾರ್ಮಿಗೂ ಇಲ್ಲ" ಎಂದ.

ಏಪ್ರಿಲ್ 14, ಸಂಕ್ರಮಣ

ಸ್ನಾನ, ದೀಪ, ನೀರು, ಹೂ. ಒದ್ದೆ ಕೈ ಸೆರಗಿಗೆ ಒರೆಸಿ ಫೋನು ತೆಗೆದು ಬಟನ್ ಒತ್ತಿದೆ. ಹಸಿರು ಗೆರೆ ಬಂತು. ಈ ತಿಂಗಳಲ್ಲಿ ಕರೆಂಟು ಒಂಬತ್ತು ಸಲ ಹೋಗಿ ಬಂದಿದೆ. ನಂಬರು ಎಷ್ಟು ಸಲ ಬದಲಾಯಿತೋ ನನಗೆ ಗೊತ್ತಿಲ್ಲ. ಬೋರ್ಡಿನ ಹೆಸರು ಒತ್ತಿದರೆ ಹೊಳೆ ಇದೆ.

ನಾಳೆ ಬಿಸು. ಅಲ್ಲಿಂದ ಮಾತು ಜಾರಿ. ಕಂಬದಲ್ಲಿ ನೀರು ಐದು ಅಡಿ.

ಏಪ್ರಿಲ್ 22

ಇವತ್ತು ತಪ್ಪಿತು. ಕರೆಂಟು ಬಂದು ಅರ್ಧ ಗಂಟೆಯಾದರೂ ಫೋನಿನಲ್ಲಿ ಹೊಳೆ ಬರಲಿಲ್ಲ. ಮೊಯಿದಿನಬ್ಬರ ಫೋನು: "ಸುಂದರಿ, ಹೊಳೆ ಎಲ್ಲಿ ಹೋಯಿತು?" ಇವರು "ಇಹ್ಸಾನ್ ಬರಲಿ, ಅವನೇ ನೋಡಲಿ" ಎಂದರು. ಇಹ್ಸಾನ್ ಬೆಳ್ತಂಗಡಿಯಲ್ಲಿದ್ದ. ಅವನು ಫೋನಿನಲ್ಲಿ ಹೇಳಿದ ಹಾಗೆ ನಾನೇ ಸ್ಟೂಲು ಹತ್ತಿ ಪೆಟ್ಟಿಗೆಯ ವಯರು ತೆಗೆದು ಹತ್ತು ಎಣಿಸಿ ಮತ್ತೆ ಸಿಕ್ಕಿಸಿದೆ. ಶಾಕ್ ಹೊಡೆಯುತ್ತದೋ ಎಂದು ರಾಮನಾಮದಲ್ಲಿ ಎಣಿಸಿದೆ. ಬಂತು.

ಶೇಷಪ್ಪಣ್ಣ ಪುಸ್ತಕದಲ್ಲಿ ಬರೆದುಕೊಂಡರು: ಒಂದು.

ಮೇ 3

ಬೆಳಿಗ್ಗೆ ಸೊಸೈಟಿಯಲ್ಲಿ ಹಾಲು ಅಳೆದು ತಿರುಗುವಾಗ ಶೇಷಪ್ಪಣ್ಣ ಎಲ್ಲರ ಎದುರು, "ನಿನ್ನೆ ಕಾಣ್ಲಿಲ್ಲ. ಎರಡಾಯ್ತು. ಹಲಗೆ ತೆಗೆಯಲಿಕ್ಕೆ ಜನ ಕರೆಯಬೇಕು" ಎಂದರು. ಕೈಯ ಕ್ಯಾನು ಕೆಳಗಿಟ್ಟೆ.

"ನಿನ್ನೆ ಇಡೀ ದಿನ ಇತ್ತಲ್ಲ. ಎಂತ ಒತ್ತಿದ್ದೀರಿ, ತೋರಿಸಿ."

ತೋರಿಸಿದರು. ಅವರು ಮಾರ್ಚಿನ ನಂಬರನ್ನು ತಮ್ಮ ದನದ ಹಟ್ಟಿಯ ಗೋಡೆಯಲ್ಲಿ ಇದ್ದಿಲಿನಿಂದ ಬರೆದಿಟ್ಟುಕೊಂಡಿದ್ದರು. ಅದನ್ನು ನೋಡಿಯೇ ಒತ್ತಿದ್ದು.

"ಶೇಷಪ್ಪಣ್ಣ, ಇದು ಹೊಳೆ ಅಲ್ಲ. ಈಗ ಈ ನಂಬರಿನಲ್ಲಿ ಯಾರ ಮನೆ ಉಂಟೋ ದೇವರಿಗೇ ಗೊತ್ತು. ಇದು ಲೆಕ್ಕಕ್ಕಿಲ್ಲ."

"ಅಲ್ಲ ಸುಂದರಿ, ನಂಬರು ನಂಬರೇ ಅಲ್ವಾ?"

"ನಿಮ್ಮ ಬಾಡಿಗೆ ಮನೆಗೆ ಹೊಸಬರು ಬಂದಿದ್ದಾರೆ. ಅಲ್ಲಿಗೆ ಹೋಗಿ ಹಳಬರನ್ನು ಕರೆದ್ರೆ ಹೊರಗೆ ಬರ್ತಾರಾ?"

ಚಿತ್ರಾ ಒಳಗಿನಿಂದ "ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ" ಎಂದು ಕೂಗಿದಳು. ಶೇಷಪ್ಪಣ್ಣ ಪುಸ್ತಕದಲ್ಲಿ ಬರೆದ 'ಎರಡು' ಹೊಡೆದು ಹಾಕಿದರು. ಬಿಸಿಲು ಜೋರು. ಮೇಲಿನ ಮನೆಗಳ ಬಾವಿಯಲ್ಲಿ ಇನ್ನೂ ಒಂದಾಳು ನೀರಿದೆ.

ಮೇ 8

ಕಂಪನಿಯ ಮೈಲ್ ಬಂತು. ಇಂಗ್ಲಿಷು. ಬಟನ್ ಇದೆ. ಸಂಕ್ರಮಣಕ್ಕೆ ಇನ್ನು ಒಂದು ವಾರ. ಆ ದಿನ ಶುದ್ಧದಲ್ಲಿ ಒತ್ತುತ್ತೇನೆ. ಇವತ್ತು ಮೀನು ಮಾಡಿದ ಕೈ.

ಮೇ 15, ಸಂಕ್ರಮಣ

ಬೆಳಿಗ್ಗೆ ಎಲ್ಲ ಕ್ರಮದ ಹಾಗೆಯೇ ಮುಗಿಸಿದೆ. ಫೋನು ತೆಗೆದರೆ ಬಟನ್ ಇಲ್ಲ. ಬೇರೆ ಏನೋ ಬರೆದಿದೆ. ಬೋರ್ಡಿನ ಹೆಸರು ಒತ್ತಿದೆ. ಹೊಳೆ ಇಲ್ಲ. ಹೊರಗೆ ಬಂದು ನೋಡಿದರೆ ಘಟ್ಟದ ಕಡೆ ಮಸಿ ಬಳಿದ ಹಾಗೆ ಕಪ್ಪು.

ಇಹ್ಸಾನನಿಗೆ ಫೋನು ಮಾಡಿದೆ, ಚಿತ್ರಾಳಿಗೆ ಮಾಡಿದೆ. ಆ ಮೇಲೆ ಮೊಯಿದಿನಬ್ಬರಿಗೆ ನಾನೇ ಮಾಡಿದೆ: "ಕಾಕ, ಹೆಸರು ಸತ್ತಿದೆ. ಸರಿಯಾಗುವವರೆಗೆ ನಾನು ಕಂಬದ ಹತ್ತಿರ ನಿಲ್ಲುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ಅಡಿ ಹೇಳುತ್ತೇನೆ." ಇವರು ಕೊಡೆ ತಂದುಕೊಟ್ಟರು. ಬೈಯಲಿಲ್ಲ.

ನಾಲ್ಕೂವರೆ ಅಡಿ. ಮತ್ತೆ ನಾಲ್ಕೂವರೆ. ಐದಕ್ಕೆ ಸ್ವಲ್ಪ ಕಡಿಮೆ. ಐದು. ನೀರಿನ ಬಣ್ಣ ಬದಲಾಗಿರಲಿಲ್ಲ. ಆರು ಅಡಿಯಾದರೆ ಹಲಗೆಯ ತಲೆ ಮುಟ್ಟುತ್ತದೆ. ಆಚೆ ದಡದಲ್ಲಿ ಸುಲೈಮಾನ್ ಕೊಕ್ಕೆ, ಹಗ್ಗ ಹಿಡಿದು ಬಂದು ಕೂತ.

ಇಹ್ಸಾನ್ ಬೈಕಿನಲ್ಲಿ ಬಂದು ನನ್ನ ಫೋನು ನೋಡಿದ. ಮೂವತ್ತು ದಿನದೊಳಗೆ ಉತ್ತರ ಬಾರದ ಕಾರಣ ನಿನ್ನೆ ಹೆಸರು ತೆಗೆದಿದ್ದಾರಂತೆ. ಅದೇ ಹೆಸರು ಮತ್ತೆ ಸಿಗುವುದಿಲ್ಲವಂತೆ. ಅವನು ನನ್ನ ಮುಖ ನೋಡಿದ. ನಾನು ನೀರು ನೋಡಿದೆ. ಅವನು ಶೆಡ್ಡಿನಲ್ಲಿ ಕೂತು ಬೇರೆ ಫ್ರೀ ಹೆಸರು ಮಾಡಿದ. ಸೊಸೈಟಿಯಿಂದ ಚಿತ್ರಾ 'ಹಲಗೆ'ಯನ್ನು ಅದರ ಕಡೆಗೆ ತಿರುಗಿಸಿದಳು. ಒಂದು ಗೆರೆಯ ಕೆಲಸ. ಆದರೆ ಹಳೆಯ ಉತ್ತರ ಫೋನುಗಳ ನೆನಪಿನಿಂದ ಹೋಗಲು ಒಂದು ಗಂಟೆ ಬೇಕಂತೆ. ಆ ಒಂದು ಗಂಟೆ ನಾನೇ ಕ್ಯಾಮರಾ.

ಅಷ್ಟರಲ್ಲಿ ಶೇಷಪ್ಪಣ್ಣ ಬಂದರು. "ನಾನು ಆಗಲೇ ಹೇಳಿದ್ದೆ. ಫ್ರೀಗೆ ಸಿಕ್ಕಿದ್ದನ್ನೆಲ್ಲ ತಂದು ಕಟ್ಟಿದ್ರೆ ಹೀಗೇ. ಎಂತ ಕೆಲಸ ಮಾಡಿದ್ದು ನೀನು?" ಎಂದು ಇಹ್ಸಾನನ ಮೇಲೆ ಹಾರಿದರು. ಅವನು ಬಗ್ಗಿ ವಯರು ಸುತ್ತುತ್ತಾ, "ನನ್ನದೇ ತಪ್ಪು ಶೇಷಪ್ಪಣ್ಣ. ನಾನು ನೆನಪು ಮಾಡಬೇಕಿತ್ತು" ಎಂದ.

ನಾನು ಹತ್ತಡಿ ದೂರದಲ್ಲಿ ನಿಂತಿದ್ದೆ. ಕೈಯಲ್ಲಿ ಕೊಡೆ, ಕಿವಿಯಲ್ಲಿ ಫೋನು. "ಐದೂಕಾಲು, ಕಾಕ" ಎಂದೆ.

ಹನ್ನೊಂದೂವರೆಗೆ ಬೋರ್ಡಿನ ಹೆಸರಿನಲ್ಲಿ ಹೊಳೆ ಬಂತು. ನೀರು ಐದೂಕಾಲರಲ್ಲೇ ನಿಂತಿತು. ಮಳೆ ಆಚೆ ಕುದುರೆಮುಖದ ಕಡೆ ಹೋಯಿತಂತೆ.

ಮೇ 16

ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದೆ. ಮೀನ ಸಂಕ್ರಮಣದಿಂದ ಮೇಷಕ್ಕೆ ಮೂವತ್ತು ದಿನ. ಮೇಷದಿಂದ ವೃಷಭಕ್ಕೆ ಮೂವತ್ತೊಂದು. ಮುಂದೆ ಮಳೆಗಾಲದ ಆಟಿ ತಿಂಗಳ ಹತ್ತಿರ ಮೂವತ್ತೆರಡೂ ಬರುತ್ತದೆ. ಸೂರ್ಯ ತನ್ನ ದಾರಿಯಲ್ಲಿ ಸರಿಯಾಗಿಯೇ ಹೋಗಿದ್ದಾನೆ. ಅವನು ಮೂವತ್ತು ದಿನ ಎಂದದ್ದನ್ನು ತಿಂಗಳು ಎಂದು ತಿಳಿದುಕೊಂಡವಳು ನಾನು. ಮೈಲ್ ಬಂದ ದಿನ ಮೀನಿನ ಕೈ ತೊಳೆದು ಒತ್ತಿದ್ದರೆ ಮುಗಿಯುತ್ತಿತ್ತು.

ನಾನು ಬಾಯಿ ಬಿಟ್ಟರೆ ಹಲಗೆ ನಮ್ಮ ಮನೆಯ ಕೈತಪ್ಪುತ್ತದೆ. ಇವರ ಸೊಂಟ ಹೋದದ್ದು ಆ ಹಲಗೆಗೆ. ಬಾಯಿ ಬಿಡದಿದ್ದರೆ ಆ ಹುಡುಗನ ಅಂಗಡಿಗೆ ಕೆಟ್ಟ ಹೆಸರು. ದೈವದ ಕೋಣೆಗೆ ಹೋದೆ. ಏನು ಕೇಳುವುದೆಂದು ಗೊತ್ತಾಗದೆ ಸುಮ್ಮನೆ ದೀಪದ ಬತ್ತಿ ಸರಿಮಾಡಿ ಬಂದೆ.

ಮೇ 17, ಆದಿತ್ಯವಾರ

ಮಧ್ಯಾಹ್ನ ಮೂರಕ್ಕೆ ಭಜನಾ ಮಂದಿರದ ಹಾಲಿನಲ್ಲಿ ಮೀಟಿಂಗು. ಶೇಷಪ್ಪಣ್ಣ ನಿರ್ಣಯ ಬರೆದೇ ತಂದಿದ್ದರು. ಕ್ಯಾಮರಾ ಬಂದ್, ಇಹ್ಸಾನನಿಗೆ ಇನ್ನು ಸಮಿತಿಯ ಯಾವ ಕೆಲಸವೂ ಇಲ್ಲ, ಹಲಗೆ ನಾಳೆ ಹೊರಗೆ. ಇಹ್ಸಾನ್ ಗೋಡೆಗೆ ಒರಗಿ ನಿಂತಿದ್ದ. ಶೇಷಪ್ಪಣ್ಣ ಎರಡನೆಯ ಸಾಲಿಗೆ ಬಂದಾಗ ನಾನು ಎದ್ದೆ.

"ಅದನ್ನು ಹೊಡೆದು ಹಾಕಿ. ತಪ್ಪು ಅವನದ್ದಲ್ಲ, ನನ್ನದು."

ಶೇಷಪ್ಪಣ್ಣ ಕಾಗದದಿಂದ ತಲೆ ಎತ್ತಿದರು.

"ಮೂವತ್ತು ದಿನಕ್ಕೊಮ್ಮೆ ಒತ್ತಿ ಅಂತ ಅವನು ಸರಿಯಾಗಿ ಹೇಳಿದ್ದ. ನಾನು ಸಂಕ್ರಮಣಕ್ಕೆ ಒತ್ತುತ್ತೇನೆ ಅಂತ ಹೊರಟೆ. ಈ ಸಲದ ತಿಂಗಳಿಗೆ ಮೂವತ್ತೊಂದು ದಿನ. ಅಷ್ಟೇ ಆದದ್ದು. ಮೊನ್ನೆಯೇ ಹೇಳಬೇಕಿತ್ತು. ಅವನು ಬೈಸಿಕೊಳ್ಳುವಾಗ ನಾನು ನೀರು ನೋಡುತ್ತಾ ನಿಂತೆ."

ಇಹ್ಸಾನ್ "ಬಿಡಿ ಅಕ್ಕ" ಎಂದ.

"ನೀನು ಸುಮ್ಮನಿರು. ಇನ್ನು ಹಲಗೆಯ ವಿಷಯ. ಮಾತು ಎಂದರೆ ಮಾತು. ಎರಡು ಸಲ ತಪ್ಪಿದೆ, ಹಲಗೆ ತೆಗೆಯಬೇಕು. ಅದಕ್ಕೆ ನಾನು ಎದುರು ಹೇಳುವುದಿಲ್ಲ."

ಹಿಂದಿನಿಂದ ಮೇಲಿನ ಮನೆಯ ಹೆಂಗಸರು, "ಅಯ್ಯೋ ಸುಂದರಿಯಕ್ಕ, ಇನ್ನು ಹತ್ತು ಹದಿನೈದು ದಿನ ಬಾವಿಗೆ ಎಂತ ಮಾಡುವುದು? ಟ್ಯಾಂಕರು ಈ ಗುಡ್ಡ ಹತ್ತುವುದಿಲ್ಲ!" ಎಂದು ಗಲಾಟೆ ಎಬ್ಬಿಸಿದರು. ಇವರು ತಲೆ ತಗ್ಗಿಸಿ ಕೂತಿದ್ದರು. ಶೇಷಪ್ಪಣ್ಣನಿಗೆ ಬರೆದು ತಂದ ಕಾಗದ ಏನು ಮಾಡುವುದೆಂದು ತೋಚಲಿಲ್ಲ.

ಆಗ ಮೊಯಿದಿನಬ್ಬರು ಕೇಳಿದರು: "ಸುಂದರಿ, ನಿಮ್ಮ ತಿಂಗಳಿಗೆ ಮೂವತ್ತೊಂದು ದಿನವೂ ಬರ್ತದಾ?"

"ಬರ್ತದೆ ಕಾಕ. ಮೂವತ್ತೆರಡೂ ಬರ್ತದೆ."

"ನಮ್ಮದು ಚಂದ್ರನ ತಿಂಗಳು. ಇಪ್ಪತ್ತೊಂಬತ್ತು, ಇಲ್ಲದಿದ್ರೆ ಮೂವತ್ತು. ಮೂವತ್ತೊಂದು ಅಂತ ಹುಟ್ಟಿಯೇ ಇಲ್ಲ." ಅವರು ಟೋಪಿ ತೆಗೆದು ತಲೆ ತುರಿಸಿದರು. "ಈ ಕಂಪನಿಯವ ನಮ್ಮವನೇ ಇರಬೇಕು ಮಾರಾಯ್ತಿ."

ಹಾಲಿಡೀ ನಕ್ಕಿತು. ಇಹ್ಸಾನನೂ ನಕ್ಕ.

"ಆ ಬಟನ್ ನನ್ನ ಫೋನಿಗೂ ಬರುವ ಹಾಗೆ ಮಾಡು ಇಹ್ಸಾನ್. ಇವತ್ತೋ ನಾಳೆಯೋ ಚಂದ್ರ ಕಾಣ್ತದೆ. ಕಂಡ ದಿನ ನಾನು ಒತ್ತುತ್ತೇನೆ. ಸಂಕ್ರಮಣಕ್ಕೆ ಇವಳು ಒತ್ತಲಿ. ತೋಟ ಹೋದವ ನಾನು, ಬಾವಿ ಹೋಗುವವರು ಇವರು. ಇಬ್ಬರೂ ಒತ್ತುವ."

"ಹಲಗೆ?" ಎಂದರು ಶೇಷಪ್ಪಣ್ಣ.

"ಹಲಗೆ ತೆಗೆಯಲೇಬೇಕು, ಅವಳೇ ಹೇಳಿದ್ದಾಳೆ. ಆದ್ರೆ ಎಷ್ಟು ಅಂತ ಮಾತಿನಲ್ಲಿ ಇಲ್ಲವಲ್ಲ? ಪ್ರತಿ ಕಿಂಡಿಯಲ್ಲಿ ಮೇಲಿನ ನಾಲ್ಕು ತೆಗೆಯುವ. ಕೆಳಗಿನ ನಾಲ್ಕು ಇರಲಿ. ಮೂರಡಿ ನೀರಿಗೆ ನನ್ನ ದಂಡೆ ಹೋಗುವುದಿಲ್ಲ, ಮೂರಡಿ ಇದ್ದರೆ ಬಾವಿಯ ಒರತೆ ಸಾಯುವುದಿಲ್ಲ. ನೋಡುವವಳು ಸುಂದರಿಯೇ ಆಗಲಿ. ತಪ್ಪು ಎಲ್ಲಿ ಆದದ್ದು ಅಂತ ಅವಳಿಗೆ ಗೊತ್ತುಂಟು. ಹೊಸಬರನ್ನು ಇಟ್ರೆ ಅವರು ಅದನ್ನು ಮೊದಲಿನಿಂದ ಕಲಿಯಬೇಕು, ನನ್ನ ತೋಟದಲ್ಲಿ."

ಒಪ್ಪಿಗೆಯಾಯಿತು. ಶೇಷಪ್ಪಣ್ಣ ಕಾಗದ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಹೊರಗೆ ಬರುವಾಗ ಇಹ್ಸಾನನ ಭುಜಕ್ಕೆ ಕೈಹಾಕಿ "ಚಾ ಕುಡಿಯುವ, ಬಾ" ಎಂದರು. ಅದೂ ಒಂದು ತರಹದ ನಿರ್ಣಯವೇ.

ಮೇ 18

ಮೇಲಿನ ನಾಲ್ಕು ಸಾಲು ತೆಗೆದರು. ನೀರು ಮೂರಕ್ಕೆ ಇಳಿಯಿತು. ಸಂಜೆ ಮೊಯಿದಿನಬ್ಬರ ಫೋನು: "ಚಂದ್ರ ಕಂಡಿತು. ಒತ್ತಿದೆ. ಹಸಿರು ಬಂತು."

ತಂಬಿಲ ಕೊಟ್ಟೆ. ಹರಕೆ ಹೇಳಿದ್ದು ನಂಬರು ನಿಲ್ಲಲಿ ಎಂದು. ಅದು ನಿಲ್ಲಲಿಲ್ಲ, ನಿಲ್ಲುವುದೂ ಬೇಡ. ಆದರೂ ಕೊಡಬೇಕೆಂದು ಕಂಡಿತು.

ಮೇ 24, ಆದಿತ್ಯವಾರ

ನಾದಿನಿಯ ಮಗಳು ನಿಖಿತಾಳ ಸೀಮಂತಕ್ಕೆ ಮೂಡುಬಿದಿರೆಗೆ ಹೋಗಿದ್ದೆ. ಇವರಿಗೆ ಬಸ್ಸಿನ ಕುಲುಕಾಟ ಆಗುವುದಿಲ್ಲ, ಮನೆಯಲ್ಲೇ ಉಳಿದರು.

ಬಸ್ಸಿನಲ್ಲಿ ಎರಡು ಸಲ ನೋಡಿದೆ. ಎರಡೂವರೆ ಅಡಿ, ತಿಳಿ ನೀರು. ಸೀಮಂತದ ಹಾಲ್ ತಲುಪಿ ಮಲ್ಲಿಗೆ ಮುಡಿದು ಕೂತ ಮೇಲೆ, ಹನ್ನೊಂದೂವರೆಗೆ ಮತ್ತೆ ನೋಡಿದೆ. ಅಡಿ ಅಷ್ಟೇ ಇತ್ತು. ಆದರೆ ನೀರು ಕೆಂಪು. ಗೆರೆಯ ಬದಿಯಲ್ಲಿ ಕಸಕಡ್ಡಿ ತಿರುಗುತ್ತಿತ್ತು. ಎದ್ದು ಹೊರಗೆ ಬಂದು ಮನೆಗೆ ಫೋನು ಮಾಡಿದೆ.

"ಹಲಗೆ ತೆಗೆಸಿ. ಎಲ್ಲ."

"ಎಂತ ಹೇಳ್ತಿ? ಇಲ್ಲಿ ಸುಡುಬಿಸಿಲು ಉಂಟು ಮಾರಾಯ್ತಿ. ಹಪ್ಪಳ ಒಣಗಿಸಿದ್ದೇನೆ."

"ಹಪ್ಪಳ ಒಣಗಲಿ. ನೀರು ಕೆಂಪು ಬಂದಿದೆ. ತೆಗೆಸಿ."

"ಎರಡೂವರೆ ಅಡಿಗೆ ತೆಗೆದ್ರೆ ಹೆಂಗಸರೆಲ್ಲ ನನ್ನನ್ನು ತಿಂದುಹಾಕ್ತಾರೆ. ಶೇಷಪ್ಪ ಬೇರೆ ಧರ್ಮಸ್ಥಳಕ್ಕೆ ಹೋಗಿದ್ದಾನೆ. ಯಾರು ಹೇಳಿದ್ದು ಅಂತ ಹೇಳಲಿ?"

"ನಾನು ಹೇಳಿದ್ದು ಅಂತ ಹೇಳಿ."

"ಆಯ್ತು" ಎಂದರು.

ಸುಲೈಮಾನನಿಗೂ ಮಾಡಿದೆ. ಅವನಾಗಲೇ ಬೋರ್ಡಿನ ಹೆಸರು ಒತ್ತಿ ನೋಡಿದ್ದನಂತೆ. "ಕೊಕ್ಕೆ ತಗೊಂಡು ಹೊರಟಿದ್ದೇನೆ ಅಕ್ಕ" ಎಂದ. ಒಬ್ಬನೇ ಇಳಿಯಬೇಡ, ಸೊಂಟಕ್ಕೆ ಹಗ್ಗ ಕಟ್ಟಿ ಇಳಿ, ಆಚೆ ದಡದ ಕಿಂಡಿಯಿಂದ ಶುರುಮಾಡು ಎಂದೆ.

ಹಾಲ್‌ನ ಹಿಂದೆ, ಅಡುಗೆಯವರ ಪಾತ್ರೆಗಳ ಹತ್ತಿರ ನಿಂತು ನೋಡಿದೆ. ಚಿತ್ರ ತುಂಡು ತುಂಡಾಗಿ ಬರುತ್ತಿತ್ತು. ನಾಲ್ಕು ಗಂಡಸರು. ಒಂದು ಕಿಂಡಿ ಖಾಲಿ. ಎರಡು. ಮೂರಡಿ. ಹಲಗೆಯ ತಲೆಯ ಮೇಲೆ ನೀರು ಹಾಯತೊಡಗಿತು. ಮೂರು. ನಾಲ್ಕು. ದಡದಲ್ಲಿ ಮಡಚಲಾಗದ ಸೊಂಟ ಹೊತ್ತು ಇವರು ನಿಂತು ಕೈಬೀಸಿ ಏನೋ ಕೂಗುತ್ತಿದ್ದರು. ನಾಲ್ಕು ಕಿಂಡಿ ಮುಗಿದು ಸುಲೈಮಾನ್ ಐದನೆಯದಕ್ಕೆ ಇಳಿದ. ಚಿತ್ರ ನಿಂತಿತು.

ಕರೆಂಟು. ಘಟ್ಟದಲ್ಲಿ ಮಳೆ ಬಂದರೆ ನಮ್ಮಲ್ಲಿ ಕರೆಂಟು ಹೋಗುತ್ತದೆ. ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ನೀರಿನಲ್ಲಿರುವವರು ಫೋನು ಎತ್ತುತ್ತಾರಾ? ಹಗ್ಗ ಕಟ್ಟಿದ್ದಾನೋ ಇಲ್ಲವೋ ಎಂದು ನೋಡಿಕೊಂಡಿರಲಿಲ್ಲ. ಹಿಂದಿನಿಂದ ನಾದಿನಿ, "ಅತ್ತಿಗೆ, ಎಲ್ಲಿದ್ದೀರಿ? ನಿಖಿತಾಳಿಗೆ ಬಳೆ ಇಡಿಸುವುದು ನೀವೇ. ಎಲ್ಲರೂ ಕಾಯ್ತಾ ಇದ್ದಾರೆ" ಎಂದು ಕರೆದಳು.

"ಕಾಯಲಿ" ಎಂದೆ. ಅವಳು ನನ್ನ ಮುಖ ನೋಡಿ ಪಕ್ಕದಲ್ಲೇ ನಿಂತಳು. "ಎಂತ ನೋಡುವುದು?" ಎಂದು ಕೇಳಿದಳು. ನಮ್ಮ ಹೊಳೆ ಎಂದೆ. ಖಾಲಿ ಪರದೆ ನೋಡಿ ಅವಳು ಏನೆಂದುಕೊಂಡಳೋ.

ಹದಿನೆಂಟು ನಿಮಿಷ. ಒತ್ತಿದೆ, ಇಲ್ಲ. ಒತ್ತಿದೆ, ಇಲ್ಲ. ಈಗ ಕರೆಂಟು ಬಂದಿರಬೇಕು, ಪೆಟ್ಟಿಗೆ ಏಳಬೇಕು, ಹೊಸ ನಂಬರು ಸಿಗಬೇಕು, ಕಲ್ಲಡ್ಕದ ಅತ್ತೆಗೆ ಫೋನು ಹೋಗಬೇಕು. ಮತ್ತೊಮ್ಮೆ ಬೋರ್ಡಿನ ಹೆಸರು ಒತ್ತಿದೆ. ಚಕ್ರ ತಿರುಗಿತು, ತಿರುಗಿತು.

ಬಂತು. ಆರು ಕಿಂಡಿಯೂ ಖಾಲಿ. ಆರರಲ್ಲೂ ಕೆಂಪು ನೀರು ಹೆದ್ದಾರಿಯಲ್ಲಿ ಹೋಗುವ ಹಾಗೆ ಹೋಗುತ್ತಿತ್ತು, ಬದಿಯ ಮಣ್ಣು ಮುಟ್ಟದೆ. ಮೇಲೆ ಹಲಗೆಯ ರಾಶಿ. ರಾಶಿಯ ಮೇಲೆ ಸುಲೈಮಾನ್ ಸೊಂಟದ ಹಗ್ಗ ಬಿಚ್ಚುತ್ತಾ ಕೂತಿದ್ದ. ಅವನ ತಂದೆ ಪಕ್ಕದಲ್ಲಿ ನಿಂತು ಹಲಗೆಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದರು.

"ಬನ್ನಿ" ಎಂದೆ ನಾದಿನಿಗೆ. ಒಳಗೆ ಹೋಗಿ ನಿಖಿತಾಳಿಗೆ ಹಸಿರು ಬಳೆ ಇಡಿಸಿದೆ.

ಸಂಜೆ ಬಸ್ಸಿಳಿದು ಬರುವಾಗಲೂ ಊರಲ್ಲಿ ಮಳೆ ಇರಲಿಲ್ಲ. ಅಣೆಕಟ್ಟಿನ ಕಾಲುದಾರಿಯ ಮೇಲೆ ನಡುವಿಗೆ ಬಂದಾಗ ಮೊದಲ ಹನಿ ಬಿತ್ತು. ಕೊಡೆ ಬಿಡಿಸಲಿಲ್ಲ. ಕಾಲ ಕೆಳಗೆ ಹೊಳೆ ಹೋಗುತ್ತಿತ್ತು.